ಓದಿದ ಕೋಡ್ ಬೇರೆ, ಓಡಿದ ಕೋಡ್ ಬೇರೆ

2018ರ ಅಕ್ಟೋಬರ್ ಕೊನೆಯಲ್ಲಿ ನೋಡ್‌ಮಾನ್ ಬಳಸುತ್ತಿದ್ದ ಜಾವಾಸ್ಕ್ರಿಪ್ಟ್ ಪ್ರೋಗ್ರಾಮರುಗಳಿಗೆ ಪರದೆಯ ಮೇಲೆ ಒಂದು ಎಚ್ಚರಿಕೆ ಕಾಣತೊಡಗಿತು. ಗೂಢಲಿಪಿ ಬಿಡಿಸುವ ಹಳೆಯ ಫಂಕ್ಷನ್ ಒಂದನ್ನು ಯಾವುದೋ ಕೋಡ್ ಬಳಸುತ್ತಿದೆ, ಅದನ್ನು ಇನ್ನು ಬಳಸಬೇಡಿ ಎಂಬುದು ಅದರ ಸಾರ. ನೋಡ್‌ಮಾನ್ ಮಾಡುವುದು ಸರಳ ಕೆಲಸ: ಫೈಲ್ ಬದಲಾದ ಕೂಡಲೇ ಪ್ರೋಗ್ರಾಮನ್ನು ಮತ್ತೆ ಶುರು ಮಾಡುತ್ತದೆ. ಗೂಢಲಿಪಿಗೂ ಅದಕ್ಕೂ ಸಂಬಂಧವೇ ಇಲ್ಲ. ಜಾಡು ಹಿಡಿದು ಹೋದರೆ ಹಲವು ಪದರ ಕೆಳಗೆ ಈವೆಂಟ್-ಸ್ಟ್ರೀಮ್ ಎಂಬ ಪ್ಯಾಕೇಜ್ (ಬೇರೆಯವರು ಬಳಸಲೆಂದು ಬರೆದಿಟ್ಟ ಸಿದ್ಧ ಕೋಡ್) ಇತ್ತು, ಅದರ ಕೆಳಗೆ ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಎಂಬ ಇನ್ನೊಂದು. ಕಳ್ಳ ಕೂತಿದ್ದದ್ದು ಅಲ್ಲಿ.

ಈವೆಂಟ್-ಸ್ಟ್ರೀಮ್ ವಾರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಡೌನ್‌ಲೋಡ್ ಆಗುತ್ತಿತ್ತು. ಅದನ್ನು ಬರೆದವರು ತಾವೇ ಬಳಸುವುದನ್ನು ಬಿಟ್ಟು ವರ್ಷಗಳಾಗಿದ್ದವು, ನೋಡಿಕೊಂಡದ್ದಕ್ಕೆ ಕಾಸೂ ಹುಟ್ಟುತ್ತಿರಲಿಲ್ಲ. ಅಪರಿಚಿತನೊಬ್ಬ ಇದನ್ನು ನಾನು ನೋಡಿಕೊಳ್ಳುತ್ತೇನೆಂದು ಇಮೇಲ್ ಬರೆದಾಗ ಅವರು ಒಪ್ಪಿಸಿಬಿಟ್ಟರು. ಇದರಲ್ಲಿ ಅವರನ್ನು ದೂರುವುದು ಅನ್ಯಾಯ. ಸಾವಿರಾರು ಕಂಪನಿಗಳು ಬಳಸುವ ವಸ್ತುವನ್ನು ಒಬ್ಬನೇ ಬಿಟ್ಟಿಯಾಗಿ ಕಾಯಬೇಕೆಂದು ನಿರೀಕ್ಷಿಸಿದ್ದೇ ಮೊದಲ ತಪ್ಪು.

ಹೊಸಬ ಸೆಪ್ಟೆಂಬರ್ 9ರಂದು 3.3.6ನೇ ಆವೃತ್ತಿ ಬಿಡುಗಡೆ ಮಾಡಿ, ಫ್ಲಾಟ್‌ಮ್ಯಾಪ್-ಸ್ಟ್ರೀಮ್ 0.1.0 ಅನ್ನು ಅವಲಂಬನೆಯಾಗಿ, ಅಂದರೆ ಜೊತೆಗೆ ತಾನಾಗಿ ಇಳಿಯುವ ಪ್ಯಾಕೇಜಾಗಿ, ಸೇರಿಸಿದ. ಆಗ ಅದರಲ್ಲಿ ವಿಷ, ಅಂದರೆ ಕೇಡಿನ ಕೋಡ್, ಇರಲಿಲ್ಲ. ಒಂದು ವಾರದ ಮೇಲೆ ಆ ಅವಲಂಬನೆಯನ್ನು ಕಿತ್ತುಹಾಕಿ 4.0 ಹೊರತಂದ. ಈಗಿನ ಕೋಡ್ ಪರೀಕ್ಷಿಸಲು ಬಂದವರಿಗೆ ಏನೂ ಸಿಗುತ್ತಿರಲಿಲ್ಲ, ಆದರೆ ಹಳೆಯ 3ನೇ ಸರಣಿಯಲ್ಲೇ ಇದ್ದ ಬಹುಪಾಲು ಜನರಿಗೆ 3.3.6 ಹೋಗುತ್ತಲೇ ಇತ್ತು. ಅಕ್ಟೋಬರ್ 5ರಂದು ಫ್ಲಾಟ್‌ಮ್ಯಾಪ್-ಸ್ಟ್ರೀಮ್‌ನ 0.1.1 ಬಂತು. ವಿಷ ಇದ್ದದ್ದು ಅದರಲ್ಲಿ. ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ಹಂಚುವ ಎನ್‌ಪಿಎಂನಲ್ಲಿ ಆವೃತ್ತಿ ಸಂಖ್ಯೆಗೆ ಮೊದಲು ಒಂದು ಟೋಪಿ ಚಿಹ್ನೆ (^) ಇದ್ದರೆ, ಹೊಂದಿಕೊಳ್ಳುವ ಹೊಸ ಸಣ್ಣ ಆವೃತ್ತಿ ಬಂದಾಗ ಅದನ್ನೇ ತೆಗೆದುಕೋ ಎಂದರ್ಥ. ಹಾಗಾಗಿ ಈವೆಂಟ್-ಸ್ಟ್ರೀಮ್‌ನ ಒಂದು ಅಕ್ಷರವನ್ನೂ ಮುಟ್ಟದೆ ವಿಷ ತಾನಾಗಿ ಒಳಗೆ ಹರಿಯಿತು.

ವಿಷ ಎಲ್ಲರಿಗಾಗಿ ಮಾಡಿದ್ದಲ್ಲ. ಮುಖ್ಯ ಭಾಗವನ್ನು ಎಇಎಸ್ ಗೂಢಲಿಪಿಯಲ್ಲಿ ಮುಚ್ಚಿಟ್ಟು, ಬೀಗದ ಕೈಯಾಗಿ ಅದನ್ನು ಬಳಸುವ ಪ್ರಾಜೆಕ್ಟಿನ ವಿವರಣೆಯ ಸಾಲನ್ನೇ ಇಟ್ಟಿದ್ದರು. ಆ ಸಾಲು ಕೋಪೇ ಎಂಬ ಬಿಟ್‌ಕಾಯಿನ್ ವಾಲೆಟ್ಟಿನದಾಗಿದ್ದರೆ ಮಾತ್ರ ಕೋಡ್ ಬಿಚ್ಚಿಕೊಳ್ಳುತ್ತಿತ್ತು, ಬೇರೆಲ್ಲ ಕಡೆ ಸದ್ದಿಲ್ಲದೆ ಸುಮ್ಮನಾಗುತ್ತಿತ್ತು. ಬಿಚ್ಚಿಕೊಂಡರೆ ಕೋಪೇ ಆ್ಯಪ್ ಸಿದ್ಧವಾಗುವ ಹೊತ್ತಿಗೆ ಅದರೊಳಗೆ ಸೇರಿ, 100ಕ್ಕಿಂತ ಹೆಚ್ಚು ಬಿಟ್‌ಕಾಯಿನ್ ಅಥವಾ 1000ಕ್ಕಿಂತ ಹೆಚ್ಚು ಬಿಟ್‌ಕಾಯಿನ್ ಕ್ಯಾಶ್ ಇರುವ ಖಾತೆಗಳ ಕೀಲಿ ಕದಿಯುತ್ತಿತ್ತು. ಕೋಪೇಯ 5.0.2ರಿಂದ 5.1.0ರವರೆಗಿನ ಆವೃತ್ತಿಗಳು ಈ ಕೋಡ್ ಹೊತ್ತೇ ಹೊರಬಂದವು. ನವೆಂಬರ್ 26ರ ಸುಮಾರಿಗೆ ಎನ್‌ಪಿಎಂ ಈ ಪ್ಯಾಕೇಜನ್ನು ತೆಗೆದುಹಾಕಿತು.

ಈ ಪ್ರಕರಣದಲ್ಲಿ ಬಹಳ ಮಂದಿ ಗಮನಿಸದ ಒಂದು ಅಂಶವಿದೆ. ಮೂಲ ಕೋಡನ್ನು ತೆರೆದಿಡುವ ಗಿಟ್‌ಹಬ್ ತಾಣದಲ್ಲಿದ್ದ ಫ್ಲಾಟ್‌ಮ್ಯಾಪ್-ಸ್ಟ್ರೀಮ್‌ನ ಪುಟದಲ್ಲಿ ವಿಷದ ಕೋಡ್ ಇರಲೇ ಇಲ್ಲ. ಎನ್‌ಪಿಎಂಗೆ ಏರಿಸಿದ ಕಡತದಲ್ಲಿ, ಅದೂ ಜಾಗ ಉಳಿಸಲೆಂದು ಒತ್ತಾಗಿ ಕುಗ್ಗಿಸಿದ ಫೈಲಿನಲ್ಲಿ ಮಾತ್ರ ಇತ್ತು. ಮುಕ್ತ ತಂತ್ರಾಂಶವನ್ನು ಎಲ್ಲರೂ ಓದಬಹುದು ಎಂಬ ಭರವಸೆ ಗಿಟ್‌ಹಬ್‌ಗೆ ಅನ್ವಯಿಸುತ್ತದೆ. ನಮ್ಮ ಯಂತ್ರದಲ್ಲಿ ಓಡುವುದು ರಿಜಿಸ್ಟ್ರಿಯಿಂದ, ಅಂದರೆ ಎನ್‌ಪಿಎಂನಂಥ ಪ್ಯಾಕೇಜ್ ಭಂಡಾರದಿಂದ, ಬಂದ ಕಡತ. ಅವೆರಡೂ ಒಂದೇ ಆಗಿರಬೇಕೆಂಬ ಕಟ್ಟುಪಾಡು ರಿಜಿಸ್ಟ್ರಿಯಲ್ಲಿ ಇರಲಿಲ್ಲ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶದ ಹಿಂಬಾಗಿಲಿನಲ್ಲೂ (ಗುಟ್ಟಾಗಿ ಒಳನುಗ್ಗುವ ದಾರಿಯಲ್ಲೂ) ಇದೇ ತಂತ್ರ: ದಾಳಿಯನ್ನು ಚಾಲೂ ಮಾಡುವ ಸ್ಕ್ರಿಪ್ಟ್ ಬಿಡುಗಡೆಯ ಕಟ್ಟಿನಲ್ಲಿತ್ತು, ಗಿಟ್‌ನಲ್ಲಿರಲಿಲ್ಲ. ದೂರದ ಯಂತ್ರವನ್ನು ಸುರಕ್ಷಿತವಾಗಿ ಸೇರಲು ಬಳಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಕಡೆಗಣಿಸದೆ ಕೆದಕಿದ್ದರಿಂದ ಅದು ಸಿಕ್ಕಿಬಿತ್ತು.

ಎಲ್ಲ ದಾಳಿಗಳೂ ಇಷ್ಟು ಸೂಕ್ಷ್ಮವಲ್ಲ. ಹೆಸರಿನ ಮೋಸವೇ ಹೆಚ್ಚು. 2017ರಲ್ಲಿ ಎನ್‌ಪಿಎಂನ ಕ್ರಾಸ್-ಎನ್ವ್ ಪ್ಯಾಕೇಜಿನ ಹೆಸರಿನಿಂದ ನಡುವಿನ ಗೆರೆ ತೆಗೆದು ಒಬ್ಬ ನಕಲು ಏರಿಸಿದ್ದ. ಅವಸರದಲ್ಲಿ ಟೈಪ್ ಮಾಡಿದವರ ಯಂತ್ರದಲ್ಲಿದ್ದ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು, ಅಂದರೆ ಪಾಸ್‌ವರ್ಡ್ ಮತ್ತು ಅದರ ಬದಲು ಬಳಸುವ ಗುಟ್ಟಿನ ಸಂಕೇತಗಳಾದ ಟೋಕನ್‌ಗಳನ್ನು ಸಾಮಾನ್ಯವಾಗಿ ಇಡುವ ಜಾಗದಲ್ಲಿದ್ದದ್ದೆಲ್ಲ, ಅವನ ಸರ್ವರಿಗೆ ಹೋದವು. ಪೈಥಾನ್‌ನ ಜೆಲ್ಲಿಫಿಶ್ ಪ್ಯಾಕೇಜಿನ ಹೆಸರಿನಲ್ಲಿ ಇಂಗ್ಲಿಷಿನ ಸಣ್ಣ ಎಲ್ ಬದಲು ದೊಡ್ಡ ಐ ಹಾಕಿದ ನಕಲು ಸುಮಾರು ಒಂದು ವರ್ಷ ಪೈಪಿಐ ಎಂಬ ಪೈಥಾನ್ ಪ್ಯಾಕೇಜ್ ಭಂಡಾರದಲ್ಲಿದ್ದು, 2019ರ ಡಿಸೆಂಬರ್‌ನಲ್ಲಿ ಹೊರಹೋಯಿತು. ಅನೇಕ ಫಾಂಟ್‌ಗಳಲ್ಲಿ ಆ ಎರಡು ಅಕ್ಷರಗಳು ಒಂದೇ ರೀತಿ ಕಾಣುತ್ತವೆ.

ಈಗಿನ ದೊಡ್ಡ ಅಪಾಯ ಖಾತೆಯ ಕಳವು. 2025ರ ಸೆಪ್ಟೆಂಬರ್ 8ರಂದು ಎನ್‌ಪಿಎಂನವರೇ ಕಳಿಸಿದಂತೆ ಕಾಣುವ ಇಮೇಲ್ ನಂಬಿ ಒಬ್ಬ ಪ್ಯಾಕೇಜ್ ನಿರ್ವಾಹಕರು ಎರಡನೇ ಹಂತದ ಕೋಡ್ ಸಮೇತ ಲಾಗಿನ್ ವಿವರ ಕೊಟ್ಟರು. ಚಾಕ್, ಡಿಬಗ್ ಸೇರಿ 18 ಪ್ಯಾಕೇಜ್‌ಗಳಿಗೆ ವಿಷ ಬಿತ್ತು. ಅವೆಲ್ಲದರ ವಾರದ ಡೌನ್‌ಲೋಡ್ ಒಟ್ಟು 200 ಕೋಟಿಗೂ ಮೇಲೆ. ಅದೇ ತಿಂಗಳು ಬಂದ ಶಾಯ್-ಹುಲುದ್ ಹುಳು ಇನ್ನೂ ಕೆಟ್ಟದ್ದು: ಯಂತ್ರದಲ್ಲಿ ಸಿಕ್ಕ ಎನ್‌ಪಿಎಂ ಟೋಕನ್ ಬಳಸಿ ಆ ವ್ಯಕ್ತಿಯ ಉಳಿದ ಪ್ಯಾಕೇಜ್‌ಗಳಿಗೂ ತನ್ನನ್ನೇ ಸೇರಿಸಿ ಪ್ರಕಟಿಸುತ್ತಿತ್ತು. 500ಕ್ಕೂ ಹೆಚ್ಚು ಪ್ಯಾಕೇಜ್‌ಗಳು ಹೀಗೆ ಕೆಟ್ಟವು.

ಹುಳು ಓಡಿದ್ದು ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟಿನಿಂದ. ಎನ್‌ಪಿಎಂ ಪ್ಯಾಕೇಜ್ ಇಳಿಸಿದ ಕೂಡಲೇ ಅದರ ಲೇಖಕ ಹೇಳಿದ ಆಜ್ಞೆಯನ್ನು ನಿಮ್ಮ ಅಧಿಕಾರದಲ್ಲೇ ಓಡಿಸುತ್ತದೆ, ನೀವು ಆ ಪ್ಯಾಕೇಜನ್ನು ಬಳಸಿರಲೇಬೇಕೆಂದಿಲ್ಲ. ಎನ್‌ಪಿಎಂ ಸೆಟ್ಟಿಂಗ್‌ನಲ್ಲಿ ಇಗ್ನೋರ್-ಸ್ಕ್ರಿಪ್ಟ್ಸ್ ಅನ್ನು ಟ್ರೂ ಮಾಡಿದರೆ ಇದು ನಿಲ್ಲುತ್ತದೆ. ಆಗ ಬ್ರೌಸರ್ ಇಳಿಸಿಕೊಳ್ಳುವ ಪಪೆಟಿಯರ್‌ನಂಥವು, ಸಿ ಕೋಡ್ ಕಂಪೈಲ್ ಮಾಡುವ ಕೆಲವು ಪ್ಯಾಕೇಜ್‌ಗಳು ಕೈಕೊಡುತ್ತವೆ; ಅವುಗಳ ಸ್ಕ್ರಿಪ್ಟನ್ನು ಮಾತ್ರ ಪ್ರತ್ಯೇಕವಾಗಿ ಓಡಿಸಬೇಕು. ಎನ್‌ಪಿಎಂ ಬದಲು ಬಳಸುವ ಪಿಎನ್‌ಪಿಎಂ ಎಂಬ ಸಾಧನ ತನ್ನ 10ನೇ ಆವೃತ್ತಿಯಿಂದ ಇದನ್ನೇ ಮೂಲ ಸ್ಥಿತಿಯಾಗಿಸಿದೆ, ಎಲ್ಲರೂ ಹಾಗೇ ಮಾಡಬೇಕಿತ್ತು. ಪೈಥಾನ್‌ನಲ್ಲಿ ಮೂಲ ಕೋಡಿನ ಕಟ್ಟು ಬಂದರೆ ಸೆಟಪ್ ಫೈಲ್ ಓಡುತ್ತದೆ, ಪ್ಯಾಕೇಜ್ ತರಿಸುವ ಪಿಪ್ ಸಾಧನಕ್ಕೆ ಪಿಪ್ ಡೌನ್‌ಲೋಡ್ ಎಂದಷ್ಟೇ ಕೊಟ್ಟರೂ ಓಡಬಹುದು. ಓನ್ಲಿ-ಬೈನರಿ ಆಯ್ಕೆ ಕೊಟ್ಟು ವೀಲ್ (ಮೊದಲೇ ಸಿದ್ಧಪಡಿಸಿದ ಕಟ್ಟು) ಮಾತ್ರ ತರಿಸಿದರೆ ಆ ದಾರಿ ಮುಚ್ಚುತ್ತದೆ. ಆದರೆ ಈವೆಂಟ್-ಸ್ಟ್ರೀಮ್‌ಗೆ ಈ ಬೇಲಿ ಲೆಕ್ಕಕ್ಕಿಲ್ಲ. ಅದರ ಕೋಡ್ ಓಡುತ್ತಿದ್ದದ್ದು ಇನ್‌ಸ್ಟಾಲ್ ಮಾಡುವಾಗಲ್ಲ, ಬಳಸುವಾಗ.

ಅಲ್ಲಿ ಕೆಲಸಕ್ಕೆ ಬರುವುದು ಲಾಕ್‌ಫೈಲ್. ಕೆಳಗಿನ ಪದರದವರೆಗೆ ಪ್ರತಿ ಪ್ಯಾಕೇಜಿನ ನಿಖರ ಆವೃತ್ತಿ, ಜೊತೆಗೆ ಅದರ ಕಡತದ ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಕೇತ) ಅದರಲ್ಲಿರುತ್ತದೆ. ಅದನ್ನು ಗಿಟ್‌ಗೆ ಸೇರಿಸಿ, ಪ್ರೋಗ್ರಾಮನ್ನು ಕಟ್ಟಿ ಸಿದ್ಧಗೊಳಿಸುವ ಬಿಲ್ಡ್ ಸರ್ವರಿನಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬದಲು, ಲಾಕ್‌ಫೈಲಿನಲ್ಲಿದ್ದುದನ್ನೇ ತರುವ ಎನ್‌ಪಿಎಂ ಸಿಐ ಆಜ್ಞೆ ಕೊಡಬೇಕು. ಹ್ಯಾಶ್ ತಾಳೆ ನೋಡಲು ಪಿಪ್‌ನಲ್ಲಿ ರಿಕ್ವೈರ್-ಹ್ಯಾಶಸ್ ಆಯ್ಕೆ ಇದೆ. ಅಕ್ಟೋಬರ್ 5ಕ್ಕಿಂತ ಮೊದಲೇ 0.1.0ಕ್ಕೆ ಹೀಗೆ ಬೀಗ ಹಾಕಿದವರ ಬಿಲ್ಡ್‌ಗೆ 0.1.1 ಬರುತ್ತಿರಲಿಲ್ಲ. ಹ್ಯಾಶ್ ಹೇಳುವುದು ಅದೇ ಕಡತ ಎಂದಷ್ಟೇ, ಒಳ್ಳೆಯ ಕಡತ ಎಂದಲ್ಲ. ಅದಕ್ಕೇ ಆವೃತ್ತಿ ಬದಲಿಸುವಾಗ ಎನ್‌ಪಿಎಂ ಡಿಫ್ ಆಜ್ಞೆಯಿಂದ ಎರಡು ಪ್ರಕಟಿತ ಕಡತಗಳ ವ್ಯತ್ಯಾಸ ನೋಡಬೇಕು. ಗಿಟ್‌ಹಬ್‌ನ ಬದಲಾವಣೆ ಪಟ್ಟಿ ನೋಡಿದರೆ ಸಾಲದು.

ಹೊಸ ಆವೃತ್ತಿ ಬಂದ ಕೂಡಲೇ ತೆಗೆದುಕೊಳ್ಳದೆ ಕಾಯುವುದರಿಂದಲೂ ಲಾಭವಿದೆ. ಚಾಕ್‌ನ ವಿಷದ ಆವೃತ್ತಿಗಳು ರಿಜಿಸ್ಟ್ರಿಯಲ್ಲಿ ಉಳಿದದ್ದು ಕೆಲವೇ ಗಂಟೆ. ಪಿಎನ್‌ಪಿಎಂ 10.16ರಿಂದ ಮಿನಿಮಮ್ ರಿಲೀಸ್ ಏಜ್ ಎಂಬ ಸೆಟ್ಟಿಂಗ್ ಇದೆ, ಲೆಕ್ಕ ನಿಮಿಷಗಳಲ್ಲಿ: 10080 ಎಂದು ಕೊಟ್ಟರೆ ಒಂದು ವಾರ ಹಳೆಯದಾಗದ ಆವೃತ್ತಿ ಒಳಗೆ ಬರುವುದಿಲ್ಲ. ತುರ್ತು ಭದ್ರತಾ ತಿದ್ದುಪಡಿ ಬಂದಾಗ ಆ ಪ್ಯಾಕೇಜಿಗೆ ಮಾತ್ರ ವಿನಾಯಿತಿ ಕೊಡಬಹುದು.

ವಿಷದ ಪ್ಯಾಕೇಜ್ ಈಗಾಗಲೇ ಓಡಿದೆ ಎಂದು ಗೊತ್ತಾದರೆ ಅದನ್ನು ಅಳಿಸುವುದು ಪರಿಹಾರವಲ್ಲ, ಕದ್ದದ್ದು ಆಗಲೇ ಹೊರಗೆ ಹೋಗಿರುತ್ತದೆ. ಯಂತ್ರವನ್ನು ನೆಟ್‌ವರ್ಕಿನಿಂದ ಬಿಡಿಸಿ, ಬೇರೊಂದು ಸ್ವಚ್ಛ ಯಂತ್ರದಿಂದ ಎನ್‌ಪಿಎಂ ಮತ್ತು ಗಿಟ್‌ಹಬ್ ಟೋಕನ್‌ಗಳು, ಎಸ್‌ಎಸ್‌ಎಚ್ ಕೀಲಿ, ಕ್ಲೌಡ್ ಕೀಲಿ ಎಲ್ಲವನ್ನೂ ರದ್ದು ಮಾಡಿ ಹೊಸದು ಪಡೆಯಬೇಕು. ನೀವೇ ಪ್ಯಾಕೇಜ್ ಪ್ರಕಟಿಸುವವರಾದರೆ, ನಿಮ್ಮ ಹೆಸರಿನಲ್ಲಿ ನೀವು ಮಾಡದ ಬಿಡುಗಡೆ ಯಾವುದಾದರೂ ಆಗಿದೆಯೇ ಎಂದು ಅದೇ ದಿನ ನೋಡಿ, ಇದ್ದರೆ ರಿಜಿಸ್ಟ್ರಿಗೆ ತಿಳಿಸಿ ತೆಗೆಸಬೇಕು.