ಖಾಲಿ ಕಾಣುವ ಈ ಮಸಾರಿ ನೆಲ

ಬೇಸಿಗೆಯಲ್ಲಿ ಕೊಪ್ಪಳದಿಂದ ಕುಷ್ಟಗಿ ಕಡೆ ಹೋಗುವಾಗ ಕಾಣುವ ಒಣ ಮಸಾರಿಯನ್ನು, ಅಂದರೆ ಕೆಂಪು ಮಣ್ಣಿನ ನೆಲವನ್ನು, ಯಾರೂ ತಿರುಗಿ ನೋಡುವುದಿಲ್ಲ. ಕಲ್ಲು, ಒಣಗಿದ ಕರಡದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಕಾಡು ಹಾಳಾಗಿ ಹೀಗಾಗಿದೆ ಅಂದುಕೊಳ್ಳುವವರೇ ಜಾಸ್ತಿ. ಹಾಗೇನಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಅದೂ ನೆಚ್ಚಿಕೊಳ್ಳಲಾಗದ ಮಳೆಯ ಸೀಮೆ ಇದು. ಇಲ್ಲಿಗೆ ಒಗ್ಗಿದ್ದೇ ಹುಲ್ಲು ಮತ್ತು ಕುರುಚಲು.

ಹುಲ್ಲು ಚಿಗುರುವುದು ಬುಡದಿಂದ. ಕುರಿ ಮೇಲಿನದನ್ನು ಮೇಯ್ದು ಮುಂದೆ ಹೋದರೆ ಮತ್ತೆ ಚಿಗುರುತ್ತದೆ. ಮುಂದೆ ಹೋಗಬೇಕು, ಅಷ್ಟೇ. ಅಲ್ಲೇ ನಿಂತು ಮೇಯ್ದರೆ ಬೇರು ಸೊರಗುತ್ತದೆ.

ಕುರಿಗಾರರು ಸುಮ್ನೆ ಅಲೆಯುವುದಿಲ್ಲ. ಮುಂಗಾರಿನಲ್ಲಿ ಕಪ್ಪು ಮಣ್ಣಿನ ಎರೆ ಹೊಲ ಕೆಸರಾಗಿ ಕುರಿಯ ಗೊರಸು ಕೊಳೆಯುತ್ತದೆ, ಹೊಲದಲ್ಲಿ ಬೆಳೆಯೂ ಇರುತ್ತದೆ. ಆಗ ಮಂದೆ ಮಸಾರಿ, ಗುಡ್ಡ ಹಿಡಿಯುತ್ತದೆ. ಕೊಯ್ಲು ಮುಗಿದ ಮೇಲೆ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಗದ್ದೆಗೆ ಇಳಿಯುತ್ತದೆ. ‘ಎರಡು ರಾತ್ರಿ ನಮ್ಮ ಹೊಲದಾಗ ತರುಬ್ರಿ’ ಅಂತ ರೈತರೇ ಕರೆಯುತ್ತಾರೆ. ತರುಬುವುದು ಅಂದರೆ ಗೊಬ್ಬರಕ್ಕಾಗಿ ಮಂದೆಯನ್ನು ರಾತ್ರಿ ಹೊಲದಲ್ಲಿ ನಿಲ್ಲಿಸುವುದು. ಕಾಳೋ ದುಡ್ಡೋ ಕೊಡುತ್ತಾರೆ.

ಸಂಜೆ ಬಲೆ ಸುತ್ತಿ ಕುರಿ ಕೂಡುತ್ತಾರೆ. ಮರುದಿನ ಬಲೆ ಕಿತ್ತು ಪಕ್ಕದ ತುಂಡಿಗೆ. ಕುರಿ ತಿಂದ ಮೇವಿನ ಸಾರಜನಕದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಹಿಕ್ಕೆ, ಗಂಜಲದಲ್ಲಿ ವಾಪಸ್ ಬರುತ್ತದೆ. ತಿಪ್ಪೆಗೊಬ್ಬರ ಹೇರಿ ತರುವಷ್ಟರಲ್ಲಿ ಗಂಜಲದ ಸತ್ವ ಬಹುಪಾಲು ಹೋಗಿರುತ್ತದೆ. ತರುಬಿದರೆ ಅದು ನೇರ ಮಣ್ಣಿಗೇ ಇಳಿಯುತ್ತದೆ.

ಈ ಬಯಲನ್ನು ನಂಬಿದವರು ಇನ್ನೂ ಇದ್ದಾರೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮವಿದೆ. ಆಗೀಗ ಒಂದು ಕುರಿ ತೋಳದ ಪಾಲಾಗುತ್ತದೆ. ಕುರಿಗಾರ ಬೈದುಕೊಂಡು ನಾಯಿ ಸಾಕುತ್ತಾನೆ. ಸಿರುಗುಪ್ಪದ ಕಡೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಬೆರಳೆಣಿಕೆಯಷ್ಟು ಉಳಿದಿದೆ. ಅದು ಬಯಲ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ.

ಇಂಥ ಕಡೆ ಗುಂಡಿ ತೋಡಿ ಸಸಿ ನೆಡುವುದು ಪುಣ್ಯದ ಕೆಲಸ ಅಂತ ನನಗಂತೂ ಅನಿಸುವುದಿಲ್ಲ. ಬಳ್ಳಾರಿ ಜಾಲಿಯನ್ನೇ ನೋಡಿ. 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದ ಗಿಡ. ಸೌದೆ ಸಿಗುತ್ತೆ, ಹಸಿರಾಗುತ್ತೆ ಅಂತ ನೆಟ್ಟರು. ದಟ್ಟವಾಗಿ ಹಬ್ಬಿದ ಕಡೆ ಹುಲ್ಲಿಗೆ ಉಳಿಗಾಲವಿಲ್ಲ. ತಮಾಷೆ ಅಂದರೆ, ಅದನ್ನು ಹಬ್ಬಿಸುವುದರಲ್ಲಿ ಕುರಿ, ಆಡುಗಳದ್ದೂ ಕೈವಾಡವಿದೆ! ಸಿಹಿ ಕಾಯಿ ತಿನ್ನುತ್ತವೆ, ಹೊಟ್ಟೆಯಲ್ಲಿ ಸಾಯದ ಬೀಜ ಹಿಕ್ಕೆಯೊಂದಿಗೆ ಹೊಸ ಜಾಗ ಸೇರುತ್ತದೆ. ಕಾಯಿಯನ್ನು ಬೀಜದ ಸಮೇತ ಹಿಟ್ಟು ಮಾಡಿ ಮೇವಿಗೆ ಹಾಕಿದರೆ ಆ ದಾರಿ ಮುಚ್ಚುತ್ತದೆ.

ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಎಂದು ಸಾರಿದೆ. ನಮ್ಮ ಕಾನೂನಿನಲ್ಲಿ ಲೆಕ್ಕ ಮೊದಲೇ ಇದೆ: ಕರ್ನಾಟಕ ಭೂಕಂದಾಯ ನಿಯಮಗಳು, 1966ರ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಬಿಡಬೇಕು. ಆದರೆ ಅದು ಊರಿನ ಜಾನುವಾರಿನ ಲೆಕ್ಕ. ತಿಂಗಳುಗಟ್ಟಲೆ ದಾರಿಯಲ್ಲೇ ಇರುವ ಮಂದೆ ಮೇಯಲು, ನೀರು ಕುಡಿಯಲು ಎಷ್ಟು ಜಾಗ ಬೇಕು ಎಂಬುದು ಅದರಲ್ಲಿ ಬರುವುದೇ ಇಲ್ಲ.