ಗಾಳಕ್ಕೂ ಮೊದಲು ಥರ್ಮಾಮೀಟರ್: ಬೇಸಿಗೆ ಹೊಳೆಯಲ್ಲಿ ಮೀನು ಎಲ್ಲಿರುತ್ತದೆ?

ಮಾರ್ಚ್ ಮುಗಿಯುವ ಹೊತ್ತಿಗೆ ಕಂಪ್ಲಿಯಿಂದ ಸಿರುಗುಪ್ಪದ ಕಡೆಗೆ ಇಳಿಯುವ ತುಂಗಭದ್ರೆ ಸೊರಗಿ, ಮೂರು ಬಗೆಯ ನೀರಾಗಿ ಒಡೆದುಹೋಗಿರುತ್ತದೆ. ಕಲ್ಲುಗಳ ಸಂದಿಯಲ್ಲಿ ತೆಳ್ಳಗೆ ಓಡುವ ನೀರು ಒಂದು, ಹಸಿರುಗಟ್ಟಿ ನಿಂತ ಮಡು ಇನ್ನೊಂದು, ಮರಳಿನ ಮೇಲೆ ಮೊಣಕಾಲುದ್ದ ಹರಡಿದ ಬೆಚ್ಚನೆಯ ನೀರು ಮತ್ತೊಂದು. ಮೀನು ಕಚ್ಚದಿದ್ದರೆ ಗಾಳ ಹಾಕುವವರು ಮೊದಲು ಎರೆ ಬದಲಿಸುತ್ತಾರೆ. ಬದಲಿಸಬೇಕಾದದ್ದು ಹೆಚ್ಚಿನ ಸಲ ಜಾಗ ಮತ್ತು ಹೊತ್ತು.

ಗಾಳದ ಬಗ್ಗೆ ಸಿಗುವ ವಿಡಿಯೊಗಳು ಬಹುಪಾಲು ಟ್ರೌಟ್ ಮೀನಿನವು. ಹಿಮಾಚಲದ ತೀರ್ಥನ್, ಕಾಶ್ಮೀರದ ಲಿದ್ದರ್‌ನಂಥ ಹೊಳೆಗಳಲ್ಲಿ ಬೇಸಿಗೆಯ ಆರಂಭವೆಂದರೆ ಹಿಮ ಕರಗುವ ಕಾಲ. ಬೆಳಗಿನ ನೀರು ಕೊರೆಯುತ್ತಿರುತ್ತದೆ, ಬಿಸಿಲೇರಿ ನೀರು 10 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಟ್ರೌಟ್ ಚುರುಕಾಗುತ್ತದೆ. ಸುಮಾರು 12ರಿಂದ 16 ಡಿಗ್ರಿ ಅದಕ್ಕೆ ಹಿತ. 20 ದಾಟಿದರೆ ಗಾಳ ಸುತ್ತಿಟ್ಟುಬಿಡುವುದು ಒಳ್ಳೆಯ ಗಾಳಗಾರರ ಪದ್ಧತಿ, 25ರ ಆಸುಪಾಸಿನಲ್ಲಿ ಅದರ ಜೀವಕ್ಕೇ ಸಂಚಕಾರ. ಹೀಗಾಗಿ ಅಲ್ಲಿ ಬಿಸಿಲಿಗೆ ಕಾಯುತ್ತಾರೆ. ನಮ್ಮ ಕಟ್ಲಾ, ರೋಹು, ಮೃಗಾಲ್‌ಗಳಿಗೆ 25ರಿಂದ 32 ಡಿಗ್ರಿಯೇ ಒಗ್ಗುವ ನೀರು. ಇಲ್ಲಿ ಬಿಸಿಲಿಗೆ ಕಾದವನಿಗೆ ತಲೆಸುತ್ತು ಬಂದೀತೇ ಹೊರತು ಮೀನು ಬರುವುದಿಲ್ಲ.

ಕಾರಣ ಬರೀ ಬಿಸಿ ಅಲ್ಲ, ಉಸಿರು. ನೀರು ಕಾದಷ್ಟೂ ಅದರಲ್ಲಿ ಕರಗಿ ಉಳಿಯುವ ಆಮ್ಲಜನಕ ಕಡಿಮೆ. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಹಿಡಿಯುವುದು ಸುಮಾರು 7.5 ಮಾತ್ರ. ಅದೇ ಹೊತ್ತಿಗೆ ಮೀನಿನ ಮೈಯೊಳಗಿನ ಕೆಲಸ ಹೆಚ್ಚುತ್ತದೆ: ನೀರು 10 ಡಿಗ್ರಿ ಏರಿದರೆ ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುಕಡಿಮೆ ಇಮ್ಮಡಿ. ಆದಾಯ ಇಳಿದಾಗಲೇ ಖರ್ಚು ಏರಿದ ಮನೆಯ ಸ್ಥಿತಿ ಅದು. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಕಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮೀನು ಚೆನ್ನಾಗಿ ಮೇಯುತ್ತದೆ. ಸುಮಾರು 3ಕ್ಕೆ ಇಳಿದರೆ ಮೇವು ಬಿಡುತ್ತದೆ, ಆಗ ಎಂಥ ಎರೆ ಕಟ್ಟಿದರೂ ಅಷ್ಟೆ.

ಆದ್ದರಿಂದ ಚೀಲದಲ್ಲಿ ಮೊದಲು ಇರಬೇಕಾದದ್ದು ಒಂದು ಸಾದಾ ಥರ್ಮಾಮೀಟರ್. ದಾರಕ್ಕೆ ಕಟ್ಟಿ, ಸಣ್ಣ ಕಲ್ಲಿನ ಭಾರ ಕೊಟ್ಟು, ಮೊಣಕಾಲುದ್ದದ ನೀರಿನಲ್ಲಿ ನಿಮ್ಮದೇ ನೆರಳು ಬೀಳುವಂತೆ ಎರಡು ನಿಮಿಷ ಬಿಡಿ. ಥರ್ಮಾಮೀಟರಿನ ತುದಿಯ ಬುರುಡೆ ನೀರಿನೊಳಗೆ ಇರುವಾಗಲೇ ಅಂಕಿ ಓದಿ. ಹೆಚ್ಚಿನವರು ಎಡವುವುದು ಇಲ್ಲೇ. ಮೇಲೆತ್ತಿ ಓದಿದರೆ ನಮ್ಮ ಒಣಗಾಳಿ ಒದ್ದೆ ಬುರುಡೆಯ ನೀರನ್ನು ಕ್ಷಣದಲ್ಲಿ ಆವಿ ಮಾಡಿ, ನೀರು ಇರುವುದಕ್ಕಿಂತ ಹಲವು ಡಿಗ್ರಿ ತಂಪೆಂದು ತೋರಿಸುತ್ತದೆ. ಮಣ್ಣಿನ ಗಡಿಗೆ ನೀರನ್ನು ತಣ್ಣಗಿಡುವುದೂ ಹೀಗೆಯೇ. ಬಳ್ಳಾರಿಯ ಬಿಸಿಲು 40 ದಾಟಿದ ದಿನವೂ ಹೊಳೆ ಅಷ್ಟು ಕಾಯದಿರಲು ಇದೇ ಆವಿಯಾಗುವಿಕೆ ದೊಡ್ಡ ಕಾರಣ. ಮೂರೂ ಬಗೆಯ ನೀರಿನಲ್ಲಿ ನಸುಕಿಗೆ, ನಡು ಹಗಲಿಗೆ, ಸಂಜೆಗೆ ಒಮ್ಮೊಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ನಾಲ್ಕು ದಿನದ ಅಂಕಿಗಳಿದ್ದರೆ ಆ ಜಾಗದ ಸ್ವಭಾವ ತಿಳಿಯುತ್ತದೆ.

ಈಗ ಒಂದು ತೊಡಕು. ನಸುಕಿನಲ್ಲಿ ನೀರು ತಂಪಿರುತ್ತದೆ, ಹಾಗಾಗಿ ಮಡುವಿನಲ್ಲೂ ಮೀನು ಮೇಯಬೇಕಲ್ಲವೇ? ಮೇಯುವುದಿಲ್ಲ. ಹಸಿರುಗಟ್ಟಿದ ಮಡುವಿನ ಪಾಚಿ ಹಗಲೆಲ್ಲ ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲ ತಾನೇ ಅದನ್ನು ಹೀರುತ್ತದೆ. ಸೂರ್ಯ ಹುಟ್ಟುವ ಮುಂಚಿನ ಗಳಿಗೆಯೇ ಅಲ್ಲಿ ಆಮ್ಲಜನಕ ಅತಿ ಕಡಿಮೆ. ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುವುದನ್ನು ನೋಡಿ ಮೇಯುತ್ತಿವೆ ಎಂದುಕೊಳ್ಳುವವರು ಬಹಳ. ಅವು ಏದುಸಿರು ಬಿಡುತ್ತಿರುತ್ತವೆ. ಆಗ ಗಾಳ ಹಾಕಬೇಡಿ. ನಸುಕಿಗೆ ಓಡುವ ನೀರು, ಅದರಲ್ಲೂ ಕಲ್ಲಿಗೆ ಬಡಿದು ನೊರೆಯೇಳುವ ಜಾಗದ ಕೆಳಗಿನ ಆಳ ಒಳ್ಳೆಯದು. ಮಡುವಿಗೆ ಹೋಗುವುದಾದರೆ ಸಂಜೆ, ಬಿಸಿಲು ಇಳಿದ ಮೇಲೆ. ಕಂಪ್ಲಿ, ಸಿರುಗುಪ್ಪ ಕಾಲುವೆಗಳಿಗೆ ನೀರು ತಿರುಗಿಸಲು ವಿಜಯನಗರ ಕಾಲದಲ್ಲಿ ಕಟ್ಟಿದಂಥ ಕಲ್ಲಿನ ಒಡ್ಡುಗಳ ಕೆಳಗೆ ಬೇಸಿಗೆಯಲ್ಲಿ ಮೀನು ಕೂಡುವುದು ಇದಕ್ಕೇ: ಬೀಳುವ ನೀರು ಗಾಳಿಯನ್ನು ಎಳೆದುಕೊಂಡು ಇಳಿಯುತ್ತದೆ. ಕೊರವ ಮೀನಿನ ಲೆಕ್ಕ ಬೇರೆ. ಅದು ಮೇಲೆ ಬಂದು ಗಾಳಿಯನ್ನೇ ಉಸಿರಾಡುವುದರಿಂದ ಕೊಳೆತ ಮಡುವಿನಲ್ಲೂ ಬದುಕುತ್ತದೆ.

ಆಮ್ಲಜನಕ ಅಳೆಯುವ ಯಂತ್ರ ಕೈಯಲ್ಲಿಲ್ಲದಿದ್ದರೆ ಕಲ್ಲು ಮಗುಚಿ ನೋಡಿ. ಓಡುವ ನೀರಿನ ಕಲ್ಲಿನಡಿ ಚಪ್ಪಟೆ ಮೈಯ, ಸಾಮಾನ್ಯವಾಗಿ ಮೂರು ಬಾಲದೆಳೆಯ ಹುಳು ಅಂಟಿಕೊಂಡಿದ್ದರೆ ಅದು ಮೇಫ್ಲೈ ಮರಿ. ಮರಳಿನ ಕಣ ಹೊಲಿದು ಮಾಡಿದಂಥ ಪುಟ್ಟ ಕೊಳವೆಯೊಳಗೆ ಇರುವುದು ಕ್ಯಾಡಿಸ್ ಮರಿ. ಇವೆರಡೂ ಹೇರಳವಾಗಿದ್ದರೆ ನೀರಿನಲ್ಲಿ ಉಸಿರಿಗೆ ಕೊರತೆ ಇಲ್ಲ. ಕೆಸರು ಕೆದಕಿದಾಗ ಬರೀ ಕೆಂಪು ಹುಳುಗಳೇ ಬಂದರೆ ಜಾಗ ಬಿಡಿ. ಆ ಕೆಂಪು ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್‌ನದು, ಆಮ್ಲಜನಕ ಅಷ್ಟಾಗಿ ಇಲ್ಲದ ಕಡೆಯೂ ಬದುಕಲು ಅವು ಕಂಡುಕೊಂಡ ದಾರಿ.

ಇದೇ ಹುಳುಗಳ ವೇಷ ಹಾಕಿದ ಗಾಳವೇ ಫ್ಲೈ ಗಾಳ. ಗರಿ, ಕೂದಲು, ನೂಲು ಸುತ್ತಿದ ಕೊಕ್ಕೆಗೆ ತೂಕವೇ ಇರುವುದಿಲ್ಲ, ಹಾಗಾಗಿ ಸೀಸದ ಗುಂಡಿನಂತೆ ಅದನ್ನು ಎಸೆಯಲಾಗದು. ಇಲ್ಲಿ ದಪ್ಪ ದಾರಕ್ಕೇ ತೂಕ, ಕೋಲು ಎಸೆಯುವುದು ದಾರವನ್ನು. 9 ಅಡಿಯ, 5ನೇ ನಂಬರಿನ (ಈ ನಂಬರು ದಾರದ ತೂಕದ್ದು) ಕೋಲು ಸಣ್ಣ, ಮಧ್ಯಮ ಮೀನುಗಳಿಗೆ ಸಾಕು. ಕೊಕ್ಕೆಯ ನಂಬರು ಏರಿದಷ್ಟೂ ಗಾತ್ರ ಕಿರಿದು, 12ರಿಂದ 16 ಸಾಮಾನ್ಯ. ನೀರು ತಿಳಿಯಾಗಿದ್ದರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ. ಬಿಳಿ ತಟ್ಟೆಯನ್ನು ದಾರಕ್ಕೆ ಕಟ್ಟಿ ಇಳಿಸಿ, ಗೇಣುದ್ದ ಇಳಿಯುವಷ್ಟರಲ್ಲೇ ಮರೆಯಾದರೆ ಫ್ಲೈ ಮೀನಿನ ಕಣ್ಣಿಗೆ ಬೀಳುವುದಿಲ್ಲ. ಆಗ ವಾಸನೆಯ ಎರೆಯೇ ಗತಿ: ಎರೆಹುಳು, ಇಲ್ಲವೇ ಹಿಟ್ಟಿನ ಉಂಡೆ.

ಹಿಮದ ಹೊಳೆ ಏರುವುದು ಬಿಸಿಲನ್ನು ನೋಡಿ, ನಮ್ಮದು ಏರುವುದು ಅಣೆಕಟ್ಟೆಯಿಂದ ಬಿಟ್ಟಾಗ. ಆಕಾಶದಲ್ಲಿ ಮೋಡವಿಲ್ಲದಿದ್ದರೂ ನೀರು ಬರಬಹುದು. ನಡುಗಡ್ಡೆಗೆ ದಾಟುವ ಮುನ್ನ ನೀರಿನ ಅಂಚಿಗೆ ಸರಿಯಾಗಿ ಕಡ್ಡಿ ನೆಡಿ. ಹತ್ತು ನಿಮಿಷದಲ್ಲಿ ಅದು ಒಂದು ಬೆರಳು ಮುಳುಗಿದರೆ ತಿರುಗಿ ದಡ ಸೇರಿ. ಈ ಹೊಳೆಯಲ್ಲಿ ಮೊಸಳೆಗಳಿವೆ, ಸೊಂಟದ ನೀರಿಗೆ ಇಳಿಯುವುದು ಬೇಡ. ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿ.ಮೀ. 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅಲ್ಲಿ ಅರಣ್ಯ ಇಲಾಖೆಯನ್ನು ಕೇಳದೆ ಕೋಲು ಬಿಚ್ಚಬಾರದು. ಉಳಿದ ಕಡೆ ಮೀನುಗಾರಿಕೆ ಇಲಾಖೆಯಲ್ಲಿ ಪರವಾನಗಿ ವಿಚಾರಿಸಿ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಕಾಯ್ದೆಯಿಂದಲೇ ಅಪರಾಧ. ಒಂದು ಸಿಡಿತಕ್ಕೆ ಆ ಮಡುವಿನ ಮರಿಮೊಟ್ಟೆಯೆಲ್ಲ ಹೋಗುತ್ತದೆ.

ಹಿಡಿದ ಮೀನನ್ನು ಬಿಡುವುದಾದರೆ ಬಿಸಿನೀರಿನಲ್ಲಿ ದುಪ್ಪಟ್ಟು ಎಚ್ಚರ ಬೇಕು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿಬಿಡಿ. ಆಡಿಸಿ ದಣಿಸಬೇಡಿ, ಬೇಗ ಎಳೆದುಕೊಳ್ಳಿ, ಹೊಡೆದಾಡಿದಷ್ಟೂ ಅದರ ಮಾಂಸಖಂಡದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ, ಬಿಟ್ಟ ಮೇಲೂ ಸಾಯಬಹುದು. ಒಣಗೈಯಿಂದ ಮುಟ್ಟಿದರೆ ಮೈಯ ಲೋಳೆ ಕಿತ್ತು ಬೂಸ್ಟು ಹತ್ತುತ್ತದೆ. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಲ್ಲೇ ಇಟ್ಟು, ತಲೆ ಹರಿವಿಗೆ ಎದುರಾಗಿ ಹಿಡಿಯಿರಿ. ತಾನಾಗಿ ಬಾಲ ಬಡಿದು ಹೋಗುವವರೆಗೆ ಬಿಡಬೇಡಿ.

ಮೇಲ್ಮೈಯಲ್ಲಿ ಕೆಂಬಣ್ಣದ ಮರಿಗಳ ಗುಂಪು ಉಂಡೆಯಂತೆ ಸರಿಯುತ್ತಿದ್ದರೆ ಅವು ಕೊರವದ ಮರಿಗಳು, ಕೆಳಗೆ ಕಾಯುತ್ತಿರುವ ತಾಯಿತಂದೆ ಎದುರಿಗೆ ಬಂದದ್ದಕ್ಕೆಲ್ಲ ಬಾಯಿ ಹಾಕುತ್ತವೆ. ಅವನ್ನು ಹಿಡಿಯುವುದು ಬಹಳ ಸುಲಭ, ಆದರೆ ಹಿಡಿದ ಮೇಲೆ ಮರಿಗಳಿಗೆ ಕಾವಲಿಲ್ಲ. ಮುಂಗಾರಿನ ಮೊದಲ ಕೆಂಪು ನೀರು ಬಂದ ದಿನದಿಂದ ಗೆಂಡೆಗಳೂ ಮೊಟ್ಟೆ ಹೊತ್ತು ಹರಿವಿಗೆದುರಾಗಿ ಏರುತ್ತವೆ. ಆ ದಿನ ಕೋಲು ಅಟ್ಟಕ್ಕೆ ಹೋಗಲಿ, ಥರ್ಮಾಮೀಟರ್ ಮಾತ್ರ ಹೊಳೆಗೆ ಬರಲಿ.