ನೂಲಿಗೆ ನೂಲು ಕಚ್ಚಿಕೊಳ್ಳುವ ಬಲ

ಕಳೆದ ಮಳೆಗಾಲದಲ್ಲಿ ಮಡಿಕೇರಿಯ ಪದವಿ ವಿದ್ಯಾರ್ಥಿಗಳ ಮುಂದೆ ಇಂಗಾಲದ ನ್ಯಾನೊ ಕೊಳವೆಗಳ (ಇಂಗಾಲದ ಪರಮಾಣುಗಳ ಹಾಳೆಯನ್ನು ಸುರುಳಿ ಸುತ್ತಿದಂಥ ಅತಿ ಸಣ್ಣ ಕೊಳವೆಗಳ) ಬಗ್ಗೆ ಮಾತನಾಡಿದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ವಾನ್ ಡರ್ ವಾಲ್ಸ್ ಬಲ ತೀರಾ ದುರ್ಬಲ ಎಂದು ಓದಿದ್ದೇವೆ. ಹಾಗಾದರೆ ಆ ಬಲದಿಂದ ಅಂಟಿಕೊಂಡ ಈ ಕೊಳವೆಗಳನ್ನು ಬಿಡಿಸಲು ಇಷ್ಟು ಪಾಡೇಕೆ?"

ಪರಮಾಣುವಿನ ಎಲೆಕ್ಟ್ರಾನುಗಳು ಸದಾ ಅತ್ತಿತ್ತ ಸರಿಯುತ್ತಿರುವುದರಿಂದ ಅದರ ಒಂದು ಬದಿ ಕ್ಷಣಮಾತ್ರ ಋಣ, ಇನ್ನೊಂದು ಬದಿ ಧನವಾಗುತ್ತದೆ. ಅದು ಪಕ್ಕದ ಪರಮಾಣುವಿನಲ್ಲೂ ಅಂಥದೇ ಓಲಾಟವನ್ನು ಹುಟ್ಟಿಸಿ ಎರಡೂ ಪರಸ್ಪರ ಸೆಳೆಯುತ್ತವೆ. ಈ ಬಲಕ್ಕೆ ಭೌತವಿಜ್ಞಾನಿ ಫ್ರಿಟ್ಜ್ ಲಂಡನ್ 1930ರಲ್ಲಿ ಕೊಟ್ಟ ವಿವರಣೆ ಇದು. ಅಂತರ ಇಮ್ಮಡಿಯಾದರೆ ಈ ಸೆಳೆತದ ಶಕ್ತಿ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಎರಡು ಪರಮಾಣುಗಳ ಮಟ್ಟಿಗೆ ಆಕೆ ಓದಿದ್ದು ಸರಿಯೇ.

ಆದರೆ ಕೊಳವೆ ಒಂದು ಎಳೆ. ಎರಡು ಕಾಳುಮೆಣಸು ಒಂದೇ ಬಿಂದುವಿನಲ್ಲಿ ತಾಗಿದರೆ, ಒರಳಿನಿಂದ ಇಳಿದ ನೂಲ್‌ಪುಟ್ಟಿನ (ಅಕ್ಕಿ ಶ್ಯಾವಿಗೆಯ) ಎರಡು ಎಳೆಗಳು ಉದ್ದಕ್ಕೂ ತಾಗುತ್ತವೆ. (ಪುಟ್ಟನ್ನು ಅಂಟಿಸುವುದು ಅಕ್ಕಿಯ ಗಂಜಿ, ನಾನು ಹೇಳುತ್ತಿರುವುದು ತಾಗುವ ಬಗೆಯನ್ನು ಮಾತ್ರ.) ಒಂದೂಕಾಲು ನ್ಯಾನೊಮೀಟರಿನಷ್ಟು ದಪ್ಪದ ಏಕಪದರ ಕೊಳವೆಗಳು ಅಕ್ಕಪಕ್ಕ ಮಲಗಿದಾಗ ಗೋಡೆಗಳ ನಡುವೆ ಉಳಿಯುವ ಅಂತರ ಗ್ರಾಫೈಟಿನ ಪದರಗಳ ನಡುವಿನಂತೆಯೇ ಸುಮಾರು 0.34 ನ್ಯಾನೊಮೀಟರ್. ಪ್ರತಿ ನ್ಯಾನೊಮೀಟರ್ ಉದ್ದಕ್ಕೆ ಬಂಧನಶಕ್ತಿ ಸುಮಾರು 0.5 ಎಲೆಕ್ಟ್ರಾನ್‌ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಎಂದರೆ, ಒಂದು ಮೈಕ್ರೊಮೀಟರಿಗೆ 500. ಕೋಣೆಯ ಉಷ್ಣತೆ ಒದಗಿಸುವ ಕಂಪನದ ಶಕ್ತಿ 0.025 ಮಾತ್ರ. ಇಪ್ಪತ್ತು ಸಾವಿರ ಪಟ್ಟು ವ್ಯತ್ಯಾಸವಿರುವಾಗ ಕಟ್ಟು ತಾನಾಗಿ ಬಿಚ್ಚುವ ಮಾತೇ ಇಲ್ಲ.

ಪ್ರಯೋಗಶಾಲೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಕೊಳವೆಗಳ ಮಸಿಯಂಥ ಪುಡಿಯನ್ನು ಶುದ್ಧ ನೀರಿಗೆ ಹಾಕಿ, ಶಬ್ದದ ಕಂಪನದಿಂದ ಕಲಕುವ ಸೋನಿಕೇಟರ್ ಯಂತ್ರದಲ್ಲಿ ಅಲುಗಿಸಿದರೆ ನೀರು ಕಪ್ಪಾಗುತ್ತದೆ. ಸೀಸೆಯನ್ನು ಮೇಜಿನ ಮೇಲಿಟ್ಟು ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಗಾಜಿನ ಒಳಮೈಗೆ ಸಣ್ಣ ಚುಕ್ಕೆಗಳು ಮೂಡಿರುತ್ತವೆ, ಆಮೇಲೆ ತಳದಲ್ಲಿ ಗಷ್ಟು ಕೂರುತ್ತದೆ. ಸೋಡಿಯಂ ಡೊಡೆಸೈಲ್ ಸಲ್ಫೇಟ್ ಎಂಬ ಸಾಬೂನಿನ ಜಾತಿಯ ವಸ್ತುವನ್ನು ಮೊದಲೇ ಬೆರೆಸಿದ್ದರೆ ಕಥೆ ಬೇರೆ. ಕಂಪನವು ಕಟ್ಟಿನ ತುದಿಯನ್ನು ಒಂದಿಷ್ಟು ಸೀಳಿದೊಡನೆ ಆ ಅಣುಗಳು ಸಂದಿಯೊಳಗೆ ನುಗ್ಗಿ, ಬಾಲವನ್ನು ಕೊಳವೆಗೂ ವಿದ್ಯುದಂಶವಿರುವ ತಲೆಯನ್ನು ನೀರಿಗೂ ಒಡ್ಡಿ, ಬೇರ್ಪಟ್ಟ ಕೊಳವೆಗಳು ಮತ್ತೆ ಸಮೀಪಿಸದಂತೆ ತಡೆಯುತ್ತವೆ. ಹೆಚ್ಚು ಹೊತ್ತು ಅಲುಗಿಸಿದಷ್ಟೂ ಒಳ್ಳೆಯದೆಂದು ಭಾವಿಸಿ ನಾನೊಮ್ಮೆ ಯಂತ್ರವನ್ನು ಗಂಟೆಗಟ್ಟಲೆ ಓಡಿಸಿದ್ದೆ. ದ್ರಾವಣ ಚೆನ್ನಾಗಿಯೇ ಬಂತು, ಆದರೆ ಕೊಳವೆಗಳು ತುಂಡಾಗಿದ್ದವು, ಅದರಿಂದ ಮಾಡಿದ ಪೊರೆಯ ವಿದ್ಯುತ್ ರೋಧ ಏರಿತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಬಿಡಲಾಗದು. ಪಕ್ಕಕ್ಕೆ ಎಳೆದರೆ ಬಿಡದ ಈ ಕೊಳವೆಗಳು ಉದ್ದಕ್ಕೆ ಎಳೆದರೆ ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ, ಏಕೆಂದರೆ ನಯವಾದ ಗೋಡೆ ಎಷ್ಟೇ ಸರಿದರೂ ಮಧ್ಯದಲ್ಲಿ ತಾಗುವ ಪರಮಾಣುಗಳ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಿಡಿ ಕೊಳವೆಯ ಬಲವನ್ನು ನೋಡಿ ಆಸೆಪಟ್ಟವರಿಗೆ ಅವುಗಳಿಂದ ಹೊಸೆದ ದಾರ ಅಷ್ಟು ಗಟ್ಟಿಯಾಗಿ ಸಿಗದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಎಲೆಕ್ಟ್ರಾನ್ ಕಿರಣ ಹಾಯಿಸಿ ಕೊಳವೆಗಳ ನಡುವೆ ನಿಜವಾದ ರಾಸಾಯನಿಕ ಬಂಧಗಳನ್ನು ಬೆಸೆದರೆ ಜಾರುವಿಕೆ ನಿಲ್ಲುತ್ತದೆ; ಕಿರಣ ಮಿತಿಮೀರಿದರೆ ಗೋಡೆಯೇ ಹಾಳಾಗುತ್ತದೆ.